'ಅನಿಸಿತು' ಯಾರಿಗೆ? ಕಥೆ ತಿದ್ದುವ ಮೇಜಿನಿಂದ

ಮೈಸೂರಿನಲ್ಲಿ ಕೂತು ಕಥೆ, ಕಾದಂಬರಿಗಳ ಹಸ್ತಪ್ರತಿ ತಿದ್ದುವ ಕೆಲಸ ನಮ್ಮದು. ಮಂಡ್ಯ, ಪಾಂಡವಪುರ, ನಾಗಮಂಗಲ, ಹುಣಸೂರು ಕಡೆಯಿಂದ ಹೊಸಬರ ಕಥೆಗಳು ಬರುತ್ತಲೇ ಇರುತ್ತವೆ. ಕಾಗುಣಿತ, ಒತ್ತಕ್ಷರದ ತಪ್ಪುಗಳು ಒಂದು ಮಧ್ಯಾಹ್ನದಲ್ಲಿ ಸರಿಹೋಗುತ್ತವೆ. ದಿನಗಟ್ಟಲೆ ಕಾಡುವುದು ಬೇರೆ: ಹೇಳುತ್ತಿರುವವರು ಯಾರು, ನೋಡುತ್ತಿರುವವರು ಯಾರು ಎಂಬುದು ಕಥೆಯ ನಡುವೆ ಜಾರಿಬಿಡುವುದು. ಉತ್ತಮ ಪುರುಷ, ಪ್ರಥಮ ಪುರುಷ ಎಂಬ ಶಾಲೆಯ ವ್ಯಾಕರಣ ಇದಕ್ಕೆ ಅರ್ಧ ದಾರಿವರೆಗೆ ಮಾತ್ರ ಜೊತೆಗೆ ಬರುತ್ತದೆ. ಕನ್ನಡದಲ್ಲಿ ನೋಟ ಅಡಗಿರುವುದು 'ಅನಿಸಿತು', 'ತನ್ನ', 'ಅಂತೆ', 'ಬಂದ', 'ಗೌಡರು' ಇಂಥ ಸಣ್ಣ ಪದಗಳಲ್ಲಿ.

ಮೊದಲ ಓದು ಪೆನ್ನಿಲ್ಲದೆ. ಎರಡನೆಯ ಓದಿನಲ್ಲಿ ಪ್ರತಿ ಪ್ಯಾರಾದ ಪಕ್ಕ, ಅದನ್ನು ನೋಡುತ್ತಿರುವ ಪಾತ್ರದ ಮೊದಲ ಅಕ್ಷರ ಬರೆಯಿರಿ. ಯಾರೂ ನೋಡುತ್ತಿಲ್ಲ, ಕಥೆಗಾರನೇ ಹೇಳುತ್ತಿದ್ದಾನೆ ಅನ್ನಿಸಿದರೆ ಒಂದು ಸೊನ್ನೆ. ಹನ್ನೆರಡು ಪುಟದ ಕಥೆಗೆ ಒಂದು ಗಂಟೆ ಸಾಕು. ಮುಗಿದ ಮೇಲೆ ಅಂಚನ್ನಷ್ಟೇ ಮೇಲಿಂದ ಕೆಳಕ್ಕೆ ಓದಿ. 'ಸ, ಸ, ಸ, ಗ, ಸ' ಎಂದು ಬಂದರೆ ಆ 'ಗ' ಇರುವ ಪ್ಯಾರಾದಲ್ಲಿ ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ.

ಎಡವಟ್ಟು ಹಿಡಿಯಲು ಸುಲಭದ ಉಪಾಯ ನಮ್ಮ ಭಾಷೆಯಲ್ಲೇ ಇದೆ. ಒಳಗಿನ ಅನುಭವವನ್ನು ನಾವು ಚತುರ್ಥಿ ವಿಭಕ್ತಿಯಲ್ಲಿ ಹೇಳುತ್ತೇವೆ: ಅವಳಿಗೆ ಹಸಿವಾಯಿತು, ಅವನಿಗೆ ನೆನಪಾಯಿತು, ಗೌಡರಿಗೆ ಅನಿಸಿತು. ಕಂಪ್ಯೂಟರಿನಲ್ಲಿ 'ಅನಿಸಿತು', 'ಅನ್ನಿಸಿತು', 'ಹೊಳೆಯಿತು', 'ನೆನಪಾಯಿತು' ಹುಡುಕಿ, ಪ್ರತಿಯೊಂದರ ಹಿಂದಿನ 'ಗೆ' ಯಾರ ಹೆಸರಿಗೆ ಅಂಟಿದೆ ನೋಡಿ. ಒಂದೇ ದೃಶ್ಯದಲ್ಲಿ ಇಬ್ಬರ ಹೆಸರಿಗೆ ಅಂಟಿದ್ದರೆ ಓದುಗ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹಾರಬೇಕಾಗುತ್ತದೆ. ಒಂದು ಮಾದರಿ ನೋಡೋಣ, ಇದೇ ಲೇಖನಕ್ಕಾಗಿ ಕಟ್ಟಿದ್ದು:

"ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿತು. ಸಿದ್ದ ಒಲೆಗೆ ಸಿಪ್ಪೆ ಹಾಕುವುದನ್ನು ನಿಲ್ಲಿಸಿದ. ಇನ್ನು ಹತ್ತು ನಿಮಿಷಕ್ಕೆ ಪಾಕ ಬರುತ್ತದೆಂದು ಅವನಿಗೆ ಅನಿಸಿತು. ಗೌಡರು ಆಲೆಮನೆಯ ಬಾಗಿಲಿಗೆ ಹೋಗಿ ನಿಂತರು. ಹುಡುಗ ಹಳೇ ಸಿಟ್ಟು ಇಟ್ಟುಕೊಂಡಿದ್ದಾನೆಂದು ಅವರಿಗೆ ಅನಿಸಿತು. ಸಿದ್ದನ ಕಣ್ಣು ಕೆಂಪಗಾಗಿತ್ತು."

ಇದನ್ನು ಸಿದ್ದನ ನೋಟದಲ್ಲೇ ನಿಲ್ಲಿಸಿದರೆ:

"ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿತು. ಸಿದ್ದ ಒಲೆಗೆ ಸಿಪ್ಪೆ ಹಾಕುವುದನ್ನು ನಿಲ್ಲಿಸಿದ. ಇನ್ನು ಹತ್ತು ನಿಮಿಷ, ಪಾಕ ಬಂದೇ ಬರುತ್ತೆ. ಗೌಡ ಬಾಗಿಲಿಗೆ ಬಂದು ನಿಂತ. ಒಳಗೆ ಕಾಲಿಡಲಿಲ್ಲ. ಹೊಗೆಗೆ ಕಣ್ಣು ಉರಿಯುತ್ತಿತ್ತು."

ಬದಲಾದದ್ದು ಐದು ಕಡೆ. 'ಅವನಿಗೆ ಅನಿಸಿತು' ಹೋಯಿತು; ಯಾರ ತಲೆಯೊಳಗೆ ಇದ್ದೇವೆಂದು ಓದುಗನಿಗೆ ಗೊತ್ತಿರುವಾಗ ಅದು ಬೇಡ. 'ಹೋಗಿ ನಿಂತರು' ಎಂಬುದು 'ಬಂದು ನಿಂತ' ಆಯಿತು, ಏಕೆಂದರೆ ನೋಡುವವನು ಒಳಗಿದ್ದಾನೆ. ಗೌಡರ ಅನುಮಾನದ ಜಾಗಕ್ಕೆ ಸಿದ್ದನಿಗೆ ಕಾಣುವಂಥ ಒಂದು ಸಂಗತಿ ಬಂತು: ಒಳಗೆ ಕಾಲಿಡಲಿಲ್ಲ. ತನ್ನ ಕಣ್ಣು ಕೆಂಪಗಾದದ್ದು ಸಿದ್ದನಿಗೆ ಕಾಣುವುದಿಲ್ಲ, ಉರಿ ಮಾತ್ರ ಗೊತ್ತಾಗುತ್ತದೆ. ಐದನೆಯದು 'ಗೌಡರು' ಹೋಗಿ 'ಗೌಡ' ಆದದ್ದು. ಅದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು.

ಎಷ್ಟೋ ಹಸ್ತಪ್ರತಿಗಳಲ್ಲಿ ಜಮೀನು ಇರುವವರು ಬಹುವಚನದಲ್ಲಿ 'ಬಂದರು', ಆಳು ಏಕವಚನದಲ್ಲಿ 'ಬಂದ'. ಮಾತುಕತೆಯಲ್ಲಿ ಹಾಗಿದ್ದರೆ ಅದು ಊರಿನ ರೂಢಿ, ಬಿಟ್ಟುಬಿಡಿ. ನಿರೂಪಣೆಯಲ್ಲೂ ಹಾಗೇ ಇದ್ದರೆ, ನಿರೂಪಕ ಯಾರ ಜಗಲಿಯ ಮೇಲೆ ಕೂತಿದ್ದಾನೆ ಎಂಬುದು ಬಯಲಾಗುತ್ತದೆ. ಬರೆದವರು ಬೇಕೆಂದೇ ಹಾಗೆ ಮಾಡಿದ್ದರೆ ಸರಿ. ಕೈತಪ್ಪಿ ಬಂದಿದ್ದರೆ, ಆಳಿನ ಪರವಾಗಿ ಬರೆದ ಕಥೆ ಅವನನ್ನು ಮೇಲಿನಿಂದ ನೋಡಿದ ಹಾಗಾಗುತ್ತದೆ. ಸಿದ್ದ ಎದುರಿಗೆ 'ಗೌಡ್ರೇ' ಅನ್ನಬಹುದು, ಮನಸ್ಸಿನಲ್ಲಿ 'ಗೌಡ' ಅಂದುಕೊಳ್ಳಬಹುದು. ಆ ಎರಡರ ನಡುವಿನ ಅಂತರದಲ್ಲೇ ಅರ್ಧ ಕಥೆ ಇದೆ. ನಂಟಸ್ತಿಕೆಯ ಪದಗಳೂ ಹೀಗೇ. ಮಂಡ್ಯದ ಹಳ್ಳಿಯ ಹುಡುಗಿ ಹೇಳುವ ಕಥೆಯಲ್ಲಿ 'ಅಪ್ಪ ಬಂದ, ಅವ್ವ ಬೈದ್ಲು' ಸಹಜ. ಮೂರನೇ ಪುಟದಲ್ಲಿ ಅದೇ ಹುಡುಗಿ 'ನನ್ನ ತಂದೆಯವರು ಬಂದರು' ಅಂದರೆ ಕಥೆಗಾರರು ನಡುವೆ ತಲೆ ಹಾಕಿದ್ದಾರೆ ಎಂದರ್ಥ.

'ತಾನು', 'ತನ್ನ' ಹುಷಾರಾಗಿ ಮುಟ್ಟಬೇಕಾದ ಪದಗಳು. "ರಾಜಿ ಗಂಡನ ಮುಖ ನೋಡಿದಳು. ತನ್ನ ಮಾತು ಹಿಡಿಸಲಿಲ್ಲವೇನೋ." ಇಲ್ಲಿ 'ಅಂದುಕೊಂಡಳು' ಇಲ್ಲದೆಯೂ ನಾವು ರಾಜಿಯ ಮನಸ್ಸಿನಲ್ಲಿದ್ದೇವೆ, 'ತನ್ನ' ಎಂಬ ಪದದ ಬಲದಿಂದ. ಸ್ಪಷ್ಟತೆ ಬರಲಿ ಎಂದು ಕರಡು ತಿದ್ದುವವರು ಅದನ್ನು 'ಅವಳ' ಮಾಡಿದರೋ, ಅನುಮಾನ ರಾಜಿಯದಾಗಿ ಉಳಿಯುವುದಿಲ್ಲ, ಹೊರಗೆ ನಿಂತವರದಾಗುತ್ತದೆ.

ನಾನು-ಕಥನದಲ್ಲಿ ಹೆಚ್ಚು ಕಾಣುವ ತಪ್ಪು, ನಿರೂಪಕ ಇಲ್ಲದ ಕಡೆ ನಡೆದದ್ದನ್ನು ಕಣ್ಣಾರೆ ಕಂಡಂತೆ ಹೇಳುವುದು. ಮನೆಯಲ್ಲಿ ಮಲಗಿದ್ದ ಹುಡುಗ ಅಪ್ಪ ನಾಲೆಯ ಏರಿಯ ಮೇಲೆ ಅತ್ತದ್ದನ್ನು ಹೇಗೆ ನೋಡಿದ? 'ಅತ್ತನಂತೆ' ಎಂದರೆ ಮುಗಿಯಿತು, ಕೆಲವು ಭಾಷೆಗಳಲ್ಲಿ ಒಂದು ವಾಕ್ಯ ಬೇಕಾಗುವ ಕೆಲಸವನ್ನು ನಮ್ಮ 'ಅಂತೆ' ಎರಡಕ್ಷರದಲ್ಲಿ ಮಾಡುತ್ತದೆ. ಪುಟಕ್ಕೆ ಒಂದೆರಡು ಸಾಕು. ಸಾಲುಸಾಲಿಗೂ ಬಂದರೆ ಅಜ್ಜಿಕಥೆಯ ದನಿ ಬಂದುಬಿಡುತ್ತದೆ. ಎಲ್ಲ ಬಲ್ಲ ನಿರೂಪಕನ ಬಾಯಲ್ಲಿ ಮಾತ್ರ 'ಅಂತೆ' ಬೇಡ. ಒಂದು ಬಂದರೂ ಅವನು ಅರಳಿಕಟ್ಟೆಯಲ್ಲಿ ಕೂತ ಯಾರೋ ಒಬ್ಬನಾಗಿಬಿಡುತ್ತಾನೆ.

ನಿರೂಪಕನ ವಯಸ್ಸನ್ನು ಪೆನ್ಸಿಲಿನಲ್ಲಿ ಮೊದಲ ಪುಟದ ಮೇಲೆ ಬರೆದಿಡಿ. ಎಂಟು ವರ್ಷದ ಹುಡುಗ 'ಸಾಲಗಾರರಿಂದ ತಲೆಮರೆಸಿಕೊಂಡಿದ್ದ' ಅನ್ನುವುದಿಲ್ಲ. 'ಅಪ್ಪ ಹಿತ್ತಲ ಬಾಗಿಲಿಂದ ಬರೋಕೆ ಶುರುಮಾಡಿದ' ಅನ್ನುತ್ತಾನೆ. ದೊಡ್ಡವನಾದ ಮೇಲೆ ನೆನೆದು ಹೇಳುತ್ತಿದ್ದರೆ ಎರಡು ವಯಸ್ಸು ಬರೆಯಿರಿ, ಯಾವ ಸಾಲು ಯಾವ ವಯಸ್ಸಿನದು ಎಂದು ನೋಡಿ.

ನಿರೂಪಕನಿಗೆ ಕಥೆಯಲ್ಲಿ ಸ್ವಂತ ಹಿತಾಸಕ್ತಿ ಇದ್ದರೆ ಅದು ದೋಷವಲ್ಲ. ಮಾಸ್ತಿಯವರ 'ರಂಗನ ಮದುವೆ'ಯನ್ನು ಹೇಳುವ ಶ್ಯಾಮ ಆ ಮದುವೆ ಮಾಡಿಸಲು ಶಾಸ್ತ್ರಿಗಳ ಜೊತೆ ಸೇರಿ ಉಪಾಯ ಹೂಡಿದವನೂ ಹೌದು. ಅವನು ಹೇಳುವುದನ್ನು ನಾವು ಅರ್ಧ ನಗುತ್ತಲೇ ಕೇಳುತ್ತೇವೆ. ಎಲ್ಲ ಬಲ್ಲ ನಿರೂಪಕ ಅದೇ ಕಥೆ ಹೇಳಿದ್ದರೆ ಅದು ಬರೀ ಒಂದು ಉಪಾಯದ ವರದಿಯಾಗುತ್ತಿತ್ತು.

ಹಲವರ ನೋಟ ಬೇಕೆನ್ನುವವರಿಗೆ 1979ರ 'ಪರ್ವ' ಇದೆ; ಭೈರಪ್ಪನವರು ಅಲ್ಲಿ ಮಹಾಭಾರತವನ್ನು ಒಬ್ಬೊಬ್ಬ ಪಾತ್ರದ ನೆನಪಿನ ಮೂಲಕ, ಒಬ್ಬೊಬ್ಬರಿಗೂ ಉದ್ದನೆಯ ಜಾಗ ಕೊಟ್ಟು ಹೇಳುತ್ತಾರೆ. ಸಣ್ಣಕಥೆಯಲ್ಲಿ ಅಷ್ಟು ಜಾಗವಿಲ್ಲ. ನಮ್ಮ ಲೆಕ್ಕದಲ್ಲಿ ನೋಟ ಬದಲಾದಾಗ ಒಂದು ಸಾಲು ಖಾಲಿ ಬಿಡಬೇಕು, ಮೊದಲ ಎರಡು ವಾಕ್ಯದೊಳಗೆ ಹೊಸ ನೋಡುಗರ ಹೆಸರು ಬರಬೇಕು, ಒಂದು ಪುಟವಾದರೂ ಅವರ ಜೊತೆ ಇರಬೇಕು. 'ನೀನು' ಎಂದು ಓದುಗನನ್ನೇ ಪಾತ್ರ ಮಾಡುವ ಕಥೆಗಳು ಮೂರು ನಾಲ್ಕು ಪುಟಕ್ಕೆ ಸುಸ್ತಾಗುತ್ತವೆ. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಆಡುಮಾತಿನ ಪ್ರಶ್ನೆ ಬಂದೇ ಬರುತ್ತದೆ. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ಮಾತುಕತೆಯಷ್ಟೇ ಅಲ್ಲ, ನಿರೂಪಣೆಯೂ ನಂಜನಗೂಡು ಸೀಮೆಯ ನುಡಿಯಲ್ಲಿದೆ. ಅಷ್ಟು ದೂರ ಹೋಗದಿದ್ದರೂ, ಓದುಬರಹ ಬಾರದ ರೈತ 'ನಾನು' ಎಂದು ಹೇಳುವ ಕಥೆಯಲ್ಲಿ 'ಆದಾಗ್ಯೂ', 'ತನ್ಮೂಲಕ' ಕಂಡರೆ ಗೆರೆ ಎಳೆಯಿರಿ.

ಕೊನೆಗೆ, 'ಅವನು' ಕಥೆಯನ್ನು 'ನಾನು' ಕಥೆ ಮಾಡಲು ಹೊರಟವರಿಗೆ: ಹುಡುಕಿ-ಬದಲಿಸುವ ಬಟನ್ ಒತ್ತಬೇಡಿ. 'ಅವನ' ಇರುವಲ್ಲೆಲ್ಲ 'ನನ್ನ' ಹಾಕಿದರೆ 'ಅವನಿಗೆ' ಹೋಗಿ 'ನನ್ನಿಗೆ' ಆಗುತ್ತದೆ, 'ಅವನತಿ' ಹೋಗಿ 'ನನ್ನತಿ'. ಭೂಮಿ ಎಂಬರ್ಥದ 'ಅವನಿ' ಮಾತ್ರ 'ನನ್ನಿ'ಯಾಗಿ, ಹಳಗನ್ನಡದಲ್ಲಿ 'ಸತ್ಯ' ಎನ್ನುವ ಪದವೇ ಆದೀತು! ಕ್ರಿಯಾಪದಗಳನ್ನು ಒಂದೊಂದಾಗಿ ಕೈಯಲ್ಲೇ ತಿದ್ದಬೇಕು. ತಿದ್ದಿದ ಮೇಲೆ ಮೂರರಲ್ಲಿ ಎರಡು 'ನಾನು' ಹೊಡೆದುಹಾಕಬಹುದು, 'ಬಂದೆ' ಎಂದರೇ ಸಾಕಲ್ಲ. ದೃಶ್ಯದಲ್ಲಿ 'ನೀನು' ಅನ್ನಿಸಿಕೊಳ್ಳುವ ಇನ್ನೊಬ್ಬರಿದ್ದರೆ ಮಾತ್ರ ಹೊಡೆಯಬೇಡಿ. 'ನೀನು ಬಂದೆ' ಅನ್ನುವುದಕ್ಕೂ ಅದೇ 'ಬಂದೆ'.