ಟೈಮ್ ಆಫೀಸಿನ ಕಿಟಕಿಯಲ್ಲಿ 2019ರ ಸೆಪ್ಟೆಂಬರ್

2019ರ ಸೆಪ್ಟೆಂಬರ್ ಮೊದಲ ವಾರ ನಮ್ಮ ಕಾರ್ಖಾನೆಗೆ ಬಂದ ಶೆಡ್ಯೂಲಿನಲ್ಲಿ, ಅಂದರೆ ಯಾವ ದಿನ ಎಷ್ಟು ಮಾಲು ಬೇಕೆಂಬ ಪಟ್ಟಿಯಲ್ಲಿ, ಆ ತಿಂಗಳು ಬೇಕಾದ ಮಾಲಿಗಿಂತ ಬೇಡವಾದ ದಿನಗಳೇ ಎದ್ದು ಕಾಣುತ್ತಿದ್ದವು. ನಾವು ತಯಾರಿಸುತ್ತಿದ್ದುದು ಕಾರಿನ ಬಾಗಿಲಿನ ಕೀಲುಗಳನ್ನು ಮಾತ್ರ. ಒಂದು ಕಾರಿಗೆ ನಾಲ್ಕು ಬಾಗಿಲು, ಬಾಗಿಲಿಗೆ ಎರಡರಂತೆ ಎಂಟು ಕೀಲು. ಆ ವರ್ಷದ ಆಗಸ್ಟಿನಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳು 1,96,524. ಹಿಂದಿನ ವರ್ಷದ ಆಗಸ್ಟಿನಲ್ಲಿ ಅವು 2,87,198 ಇದ್ದವು. ಈ ವ್ಯತ್ಯಾಸವನ್ನು ಎಂಟರಿಂದ ಗುಣಿಸಿದರೆ ಒಂದೇ ತಿಂಗಳಲ್ಲಿ ಸುಮಾರು ಏಳು ಲಕ್ಷ ಕೀಲುಗಳಿಗೆ ಕೊಳ್ಳುವವರಿಲ್ಲ ಎಂದಾಯಿತು. ದೇಶದ ಅತಿದೊಡ್ಡ ಕಾರು ಕಂಪನಿಯಾದ ಮಾರುತಿ ಸುಜುಕಿಯೇ ಗುರುಗ್ರಾಮ ಮತ್ತು ಮಾನೇಸರದ ಕಾರ್ಖಾನೆಗಳಲ್ಲಿ ಸೆಪ್ಟೆಂಬರ್ 7 ಮತ್ತು 9ರಂದು ಉತ್ಪಾದನೆ ನಿಲ್ಲಿಸುವುದಾಗಿ ಹೇಳಿದ್ದ ವಾರವದು. ದೊಡ್ಡವರು ಎರಡು ದಿನ ಯಂತ್ರ ನಿಲ್ಲಿಸಿದರೆ ಕೀಲು, ಬೋಲ್ಟು, ರಬ್ಬರ್ ಬುಶ್ ಮಾಡುವವರ ಯಂತ್ರಗಳು ಎಷ್ಟು ದಿನ ನಿಲ್ಲಬೇಕಾಗುತ್ತದೆ ಎಂಬುದನ್ನು ಯಾರೂ ಪ್ರಕಟಿಸುವುದಿಲ್ಲ.

ನಾನು ಟೈಮ್ ಆಫೀಸಿನಲ್ಲಿ ಹಾಜರಿ, ಶಿಫ್ಟ್, ಓ.ಟಿ. (ಹೆಚ್ಚುವರಿ ಗಂಟೆಗಳ ಕೆಲಸ), ಪಿ.ಎಫ್. (ಭವಿಷ್ಯ ನಿಧಿ), ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ನೋಡಿಕೊಳ್ಳುವವಳು. ಪತ್ರಿಕೆಗಳು ಈ ಕುಸಿತವನ್ನು ಕಾರುಗಳ ಸಂಖ್ಯೆಯಲ್ಲಿ ಬರೆಯುತ್ತಿದ್ದರೆ ನನ್ನ ಮೇಜಿಗೆ ಅದು ಗಂಟೆಗಳ ಲೆಕ್ಕದಲ್ಲಿ ಬರುತ್ತಿತ್ತು. ಆಗಿನ ಕಾರ್ಖಾನೆ ಕಾಯ್ದೆಯ ಪ್ರಕಾರ ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ ಕೊಡಬೇಕಿತ್ತು. ಹೀಗಾಗಿ ಬಹಳಷ್ಟು ಕಾಯಂ ನೌಕರರು ಮನೆಯ ಖರ್ಚನ್ನು ಸಂಬಳದಿಂದಲೂ, ಸಾಲದ ಕಂತು ಮತ್ತು ಮಕ್ಕಳ ಶಾಲೆಯ ಶುಲ್ಕವನ್ನು ಓ.ಟಿ.ಯಿಂದಲೂ ತೂಗಿಸುತ್ತಿದ್ದರು. ಬೇಸಿಗೆಯ ಹೊತ್ತಿಗೆ ನಮ್ಮಲ್ಲಿ ಓ.ಟಿ. ಪೂರ್ತಿಯಾಗಿ ನಿಂತಿತ್ತು. ಯಾರ ಕೆಲಸವೂ ಹೋಗಿರಲಿಲ್ಲ, ಸಂಬಳದಲ್ಲಿ ಕಡಿತವೂ ಆಗಿರಲಿಲ್ಲ; ಕಾಗದದ ಮೇಲೆ ಏನೂ ಆಗಿರಲಿಲ್ಲ. ಆದರೆ ಪಿ.ಎಫ್. ಮುಂಗಡಕ್ಕೆ ಅರ್ಜಿ ಕೇಳಿಕೊಂಡು ಬರುವವರು ಹೆಚ್ಚಾದರು, ಪೂರ್ಣ ಹಾಜರಿಯ ಭತ್ಯೆ ತಪ್ಪಬಾರದೆಂದು ಜ್ವರದಲ್ಲೇ ಕಾರ್ಡ್ ಪಂಚ್ ಮಾಡುವವರನ್ನು ಕಂಡೆ, ಎಂದೂ ರಜೆಯ ನಗದೀಕರಣ ಕೇಳದವರು ಅದರ ಲೆಕ್ಕ ಕೇಳತೊಡಗಿದರು. ಒಂದು ಕುಟುಂಬದ ಕಷ್ಟ ಎಲ್ಲಿಂದ ಆರಂಭವಾಗುತ್ತದೆಂದು ಕೇಳಿದರೆ ನಾನು ಕೆಲಸ ಹೋದ ದಿನವನ್ನಲ್ಲ, ಓ.ಟಿ. ನಿಂತ ತಿಂಗಳನ್ನು ತೋರಿಸುತ್ತೇನೆ.

ಹೊರಗಿನ ಬದಲಾವಣೆಯೂ ಆ ಕಿಟಕಿಗೇ ಬಂದು ತಲುಪುತ್ತಿತ್ತು. ಕಾರ್ಖಾನೆಯ ಹುಡುಗರಿಗೆ ಬಾಡಿಗೆಗೆಂದೇ ಬ್ಯಾಂಕ್ ಸಾಲ ಮಾಡಿ ಮಹಡಿಯ ಮೇಲೆ ಕೋಣೆಗಳನ್ನು ಕಟ್ಟಿಸಿದ್ದ ಮನೆ ಮಾಲೀಕರೊಬ್ಬರು ಬಂದು, "ಮೇಡಂ, ಹೊಸಬರನ್ನು ಯಾವಾಗ ತೆಗೆದುಕೊಳ್ಳುತ್ತೀರಿ?" ಎಂದು ವಿಚಾರಿಸಿಹೋಗುತ್ತಿದ್ದರು. ಶಿಫ್ಟಿನ ಬಸ್ಸು ಓಡಿಸುತ್ತಿದ್ದವರು ಒಂದು ಬಸ್ಸನ್ನು ಮಾರಿದರು. ಈ ಇಬ್ಬರ ಹೆಸರೂ ವಾಹನ ಉದ್ಯಮದ ಯಾವ ಅಂಕಿಅಂಶದಲ್ಲೂ ಬರುವುದಿಲ್ಲ. ಮಾರಾಟಗಾರರ ಒಕ್ಕೂಟ ಮಾತ್ರ, ಮೂರು ತಿಂಗಳಲ್ಲಿ ಷೋರೂಮುಗಳಲ್ಲೇ ಸುಮಾರು ಎರಡು ಲಕ್ಷ ಜನ ಕೆಲಸ ಕಳೆದುಕೊಂಡಿದ್ದಾರೆಂದು ಆಗಸ್ಟಿನಲ್ಲಿ ಹೇಳಿತ್ತು.

ಕಾರಣಗಳನ್ನು ಆಗ ಎಲ್ಲರೂ ಬಾಯಿಪಾಠ ಹೇಳುತ್ತಿದ್ದರು: 2018ರಲ್ಲಿ ಐ.ಎಲ್. ಆಂಡ್ ಎಫ್.ಎಸ್. ಎಂಬ ದೊಡ್ಡ ಹಣಕಾಸು ಕಂಪನಿ ಸಾಲ ತೀರಿಸಲಾಗದೆ ಮುಗ್ಗರಿಸಿದ ಮೇಲೆ ವಾಹನ ಸಾಲ ಸಿಗುವುದು ಕಷ್ಟವಾಯಿತು, ಹೊಸ ಕಾರಿಗೆ ಮೂರು ವರ್ಷದ ವಿಮೆಯನ್ನು ಒಮ್ಮೆಗೇ ಕಟ್ಟಬೇಕಾಯಿತು, 2020ರ ಏಪ್ರಿಲ್ 1ರಿಂದ ಬಿ.ಎಸ್. 6 (ಹೊಗೆ ನಿಯಂತ್ರಣದ ಹೊಸ ಮಾನದಂಡ) ಎಂಜಿನ್ ಕಡ್ಡಾಯವೆಂದು ಕೊಳ್ಳುವವರು ಕಾದು ಕುಳಿತರು. ಎಲ್ಲವೂ ನಿಜವಿರಬಹುದು. ಕೀಲು ಜೋಡಿಸುವವನು ಇವುಗಳಲ್ಲಿ ಒಂದನ್ನೂ ಸರಿಪಡಿಸಲಾರ.

ಶೆಡ್ಯೂಲ್ ಬಂದ ದಿನ ಮಧ್ಯಾಹ್ನದೊಳಗೆ ಬಿಡಬೇಕಾದವರ ಪಟ್ಟಿ ಸಿದ್ಧವಾಗಬೇಕಿತ್ತು. ಕಾಯಂ ನೌಕರರನ್ನು ಲೇ ಆಫ್ ಮಾಡಿದರೆ, ಅಂದರೆ ಕೆಲಸವಿಲ್ಲವೆಂದು ತಾತ್ಕಾಲಿಕವಾಗಿ ಮನೆಯಲ್ಲಿ ಕೂರಿಸಿದರೆ, ಒಂದು ವರ್ಷ ಸತತ ಸೇವೆ ಇದ್ದವರಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧವನ್ನು ಕೊಡಬೇಕೆಂದು ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತಿತ್ತು. ಗುತ್ತಿಗೆಯವರ ವಿಷಯದಲ್ಲಿ ಇಂಥ ಯಾವ ತೊಡಕೂ ಬರಲಿಲ್ಲ. ನಾಳೆಯಿಂದ ಇಷ್ಟು ಜನ ಸಾಕು ಎಂದು ಗುತ್ತಿಗೆದಾರನಿಗೆ ಒಂದು ಇಮೇಲ್ ಕಳಿಸಿದರೆ ಮುಗಿಯಿತು. ಯಾರನ್ನು ಬಿಡಬೇಕೆಂಬುದನ್ನು ಅವನ ಸೂಪರ್‌ವೈಸರ್ ಗುರುತು ಹಾಕುತ್ತಿದ್ದ, ಗೇಟ್ ಪಾಸ್ ರದ್ದುಮಾಡುವುದು ನನ್ನ ಕೆಲಸವಾಗಿತ್ತು.

ಅಸೆಂಬ್ಲಿ ಲೈನಿನ ಯುವಕನೊಬ್ಬ ಊಟದ ಬಿಡುವಿನಲ್ಲಿ ಕಿಟಕಿಗೆ ಬಂದ. ಕೆಲಸದ ಬಗ್ಗೆ ಅವನು ಕೇಳಲೇ ಇಲ್ಲ. ಇ.ಎಸ್.ಐ. ಕಾರ್ಡನ್ನು ಕಂಬಿಯೊಳಗಿಂದ ತೂರಿಸಿ, "ಮೇಡಂ, ಇದು ಜನವರಿಯಲ್ಲಿ ನಡೆಯುತ್ತದಾ?" ಎಂದ. ಹೆಂಡತಿಗೆ ಜನವರಿಯಲ್ಲಿ ಹೆರಿಗೆಯ ದಿನ ಕೊಟ್ಟಿದ್ದರು. ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ 78 ದಿನಗಳ ವಂತಿಗೆ ಬಿದ್ದಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಕುಟುಂಬಕ್ಕೆ ಚಿಕಿತ್ಸೆ ಸಿಗುತ್ತದೆ. ಅವನು ನಮ್ಮಲ್ಲಿಗೆ ಸೇರಿದ್ದು ಜೂನಿನಲ್ಲಿ. ಜುಲೈ, ಆಗಸ್ಟಿನಲ್ಲಿ ಲೈನ್ ನಿಂತ ದಿನಗಳಿಗೆ ಗುತ್ತಿಗೆಯವರಿಗೆ ಕೂಲಿಯಿಲ್ಲ, ಕೂಲಿಯಿಲ್ಲದ ದಿನಕ್ಕೆ ವಂತಿಗೆಯೂ ಇಲ್ಲ. ಕೂಡಿಸಿ ನೋಡಿದೆ, ನಾಲ್ಕು ದಿನ ಕಡಿಮೆ ಬೀಳುತ್ತಿತ್ತು. ಅವನ ಹೆಸರು ಬಿಡುವವರ ಪಟ್ಟಿಯಲ್ಲಿತ್ತು.

ಸೂಪರ್‌ವೈಸರನ್ನು ಕರೆದು ಲೆಕ್ಕ ತೋರಿಸಿದೆ. ಅವನೇನೂ ಕಲ್ಲೆದೆಯವನಲ್ಲ. "ಒಂದು ವಾರ ಪ್ಯಾಕಿಂಗಿಗೆ ಹಾಕೋಣ, ಆದರೆ ತಲೆ ಲೆಕ್ಕ ಹೆಚ್ಚಾಗಬಾರದಲ್ಲ ಮೇಡಂ" ಎಂದ. ಹೆಸರನ್ನು ಹೊಡೆದು ಅದರ ಕೆಳಗೆ ಇನ್ನೊಂದು ಹೆಸರು ಬರೆದುಕೊಟ್ಟ. ಆ ಇನ್ನೊಬ್ಬನಿಗೆ ಮನೆಯಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಮೂರನೆಯ ಹೆಸರು ಬರೆಯಬೇಕಾಗುತ್ತಿತ್ತು. ಉದ್ಯಮ ಸೊರಗಿದಾಗ ನಮ್ಮಂಥ ಕೆಳಗಿನ ಮೇಜುಗಳಲ್ಲಿ ತೋರಬಹುದಾದ ಕರುಣೆ ಹೆಚ್ಚೆಂದರೆ ಇಷ್ಟು, ಅದಕ್ಕೂ ಇನ್ನೊಬ್ಬನೇ ಬೆಲೆ ತೆರಬೇಕು.

ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಕಂಪನಿ ತೆರಿಗೆಯನ್ನು ಶೇ. 22ಕ್ಕೆ ಇಳಿಸಿತು. ಅಕ್ಟೋಬರಿನಲ್ಲಿ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ವರ್ಷದ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಬಂತು, ನಮಗೂ ಶೆಡ್ಯೂಲ್ ಸ್ವಲ್ಪ ಏರಿತು. ಗುತ್ತಿಗೆದಾರ ಜನರನ್ನು ಕಳಿಸಿದ, ಆದರೆ ಬಿಟ್ಟುಹೋದವರಲ್ಲಿ ಹೆಚ್ಚಿನವರು ಆಗಲೇ ಕೋಣೆ ಖಾಲಿ ಮಾಡಿದ್ದರಿಂದ ಬಂದವರು ಹೊಸಬರೇ ಆಗಿದ್ದರು; ಅವರಿಗೆ ಮತ್ತೆ ಮೊದಲಿನಿಂದ ಕೀಲಿನ ಪಿನ್ ಕೂರಿಸುವುದನ್ನು ಕಲಿಸಬೇಕಾಯಿತು.

ಇ.ಎಸ್.ಐ.ಯಲ್ಲಿ ಕೆಲಸ ಕಳೆದುಕೊಂಡವರಿಗೆಂದು ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರಲ್ಲೇ ಬಂದಿತ್ತು. ಆಗ ಸರಾಸರಿ ಕೂಲಿಯ ಶೇ. 25ರಷ್ಟನ್ನು 90 ದಿನಗಳವರೆಗೆ ಕೊಡುತ್ತಿದ್ದ ಯೋಜನೆ ಅದು. ಬಿಟ್ಟವರ ಪಟ್ಟಿ ಹಿಡಿದು ಯಾರಿಗೆ ಅರ್ಹತೆ ಇದೆಯೆಂದು ಒಂದು ಸಂಜೆ ನೋಡಿದೆ. ಎರಡು ವರ್ಷ ವಿಮಾದಾರರಾಗಿ ಕೆಲಸ ಮಾಡಿರಬೇಕು, ಪ್ರತಿ ಅವಧಿಯಲ್ಲೂ 78 ದಿನ ತುಂಬಿರಬೇಕು ಎಂಬುದು ಆಗಿನ ಷರತ್ತು. ಆರೇಳು ತಿಂಗಳಿಗೊಮ್ಮೆ ಕಾರ್ಖಾನೆ ಬದಲಾಯಿಸುತ್ತ, ನಡುವೆ ಖಾಲಿ ಕೂರುತ್ತ ಬಂದವರ ಪಟ್ಟಿಯಲ್ಲಿ ಅಂಥವರು ಬೆರಳೆಣಿಕೆಯಷ್ಟಿದ್ದರು. ಅವರಿಗೆ ಫೋನ್ ಮಾಡಿದಾಗ ಇಬ್ಬರು ಬಂದು ಅರ್ಜಿ ಪಡೆದರು. ಉಳಿದವರು, ಅಫಿಡವಿಟ್ ಮಾಡಿಸಿ ಕಚೇರಿಗೆ ಅಲೆಯುವಷ್ಟು ದಿನ ಕೂಲಿ ಬಿಡಲಾಗುವುದಿಲ್ಲ ಎಂದರು.