ಒಂದೇ ಕಂತಿನಿಂದ ಹೆಸರು ಕೆಟ್ಟ ಕಥೆ

2024 ನವೆಂಬರ್ 23, ಶನಿವಾರ

ಇವತ್ತು 'ಡಾಕ್ಟರ್ ಹೂ' ಧಾರಾವಾಹಿಯ ಹುಟ್ಟುಹಬ್ಬ. ಡಾಕ್ಟರ್ ಎಂದಷ್ಟೇ ಕರೆಸಿಕೊಳ್ಳುವ ಕಾಲಯಾತ್ರಿಯೊಬ್ಬನ ಸಾಹಸಗಳ ಬ್ರಿಟಿಷ್ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ ಅದು. 1963ರಲ್ಲಿ ಬಿಬಿಸಿಯಲ್ಲಿ ಮೊದಲ ಕಂತು ಬಂದದ್ದೂ ಶನಿವಾರವೇ, ಕೆನಡಿ ಹತ್ಯೆಯ ಮರುದಿನ. ಹೊಸ ಕಂತುಗಳನ್ನು ಮುಗಿಬಿದ್ದು ನೋಡುವ ನನ್ನ ಗೆಳೆಯರು ಕಪ್ಪು-ಬಿಳುಪಿನ ಕಾಲದ್ದು ಅಂದರೆ ಸಾಕು, ಬೇಡ ಅನ್ನುತ್ತಾರೆ. ಅವರ ಕೈಹಿಡಿದು ಕೂರಿಸಿ ತೋರಿಸಬೇಕು ಅನ್ನಿಸುವಂಥ ಕಥೆಯೊಂದನ್ನು ಈ ವಾರ ರಾತ್ರಿ ಊಟವಾದ ಮೇಲೆ ಕೂತು ನೋಡಿದೆ: 'ದಿ ಎನಿಮಿ ಆಫ್ ದಿ ವರ್ಲ್ಡ್'. 1967ರ ಡಿಸೆಂಬರ್‌ನಿಂದ 1968ರ ಜನವರಿವರೆಗೆ ಪ್ರಸಾರವಾದದ್ದು. ಒಟ್ಟು ಆರು ಕಂತು.

ಈ ಕಥೆಗೆ ಬಹಳ ಕಾಲ ಒಳ್ಳೆಯ ಹೆಸರಿರಲಿಲ್ಲ. ಅದಕ್ಕೆ ಕಾರಣ ಕಥೆಯಲ್ಲ. ಆಗ ವಿಡಿಯೊ ಟೇಪು ದುಬಾರಿ. ಒಮ್ಮೆ ಬಂದದ್ದನ್ನು ಮತ್ತೆ ಮತ್ತೆ ಪ್ರಸಾರ ಮಾಡಲು ನಟರೊಂದಿಗಿನ ಒಪ್ಪಂದಗಳೂ ಅಡ್ಡಿ. ಹಾಗಾಗಿ ಬಿಬಿಸಿಯವರು ಹಳೆಯ ಟೇಪುಗಳನ್ನು ಅಳಿಸಿ ಬೇರೆ ಕಾರ್ಯಕ್ರಮಗಳಿಗೆ ಬಳಸಿದರು. ಈ ಕಥೆಯಲ್ಲಿ ಉಳಿದದ್ದು ಮೂರನೆಯ ಕಂತು ಮಾತ್ರ. ಉಳಿದವುಗಳ ಧ್ವನಿ ಸಿಗುತ್ತಿತ್ತು, ಅಭಿಮಾನಿಗಳು ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡಿದ್ದರಿಂದ. ಆದರೆ ಕಣ್ಣಿಗೆ ಕಾಣುತ್ತಿದ್ದದ್ದು ಆ ಒಂದೇ ಕಂತು, ಅದೂ ಆರರಲ್ಲಿ ತೀರಾ ಮಂದವಾದದ್ದು. ಅಡುಗೆಮನೆ, ಗೊಣಗುವ ಬಾಣಸಿಗ, ಕಾವಲು ಸುಲಭವೆಂದು ಓಣಿಯಲ್ಲೇ ಕೂರಿಸಿಟ್ಟ ಕೈದಿ. ಅಷ್ಟನ್ನು ನೋಡಿ ಇಡೀ ಕಥೆಯನ್ನು ಅಳೆದರು.

2013ರಲ್ಲಿ ನೈಜೀರಿಯಾದ ಜೋಸ್ ಎಂಬ ಊರಿನಲ್ಲಿ, ಟಿವಿ ಪ್ರಸಾರ ಕೇಂದ್ರವೊಂದರಲ್ಲಿ, ಕಳೆದುಹೋದ ಹಳೆಯ ಕಾರ್ಯಕ್ರಮಗಳ ಬೆನ್ನುಹತ್ತುವ ಫಿಲಿಪ್ ಮಾರಿಸ್ ಹುಡುಕಿ ತೆಗೆದ ಫಿಲ್ಮ್ ಡಬ್ಬಗಳಲ್ಲಿ ಉಳಿದ ಐದೂ ಕಂತುಗಳು ಸಿಕ್ಕವು. ಬಿಬಿಸಿ ಹೊರದೇಶಗಳಿಗೆ ಮಾರಿದ್ದ ಪ್ರತಿಗಳವು. ಮಾರಾಟಕ್ಕೆಂದು ಕಳಿಸಿದ್ದೇ ಕಥೆಯನ್ನು ಬದುಕಿಸಿತು!

ಕಥೆಗೆ ಬರುತ್ತೇನೆ. ಇದರಲ್ಲಿ ರಾಕ್ಷಸ ಪ್ರಾಣಿಯಿಲ್ಲ, ಅನ್ಯಗ್ರಹದವರಿಲ್ಲ. ಸಾಲಮ್ಯಾಂಡರ್ ಎಂಬ ಮನುಷ್ಯ ಸೂರ್ಯನ ಶಕ್ತಿಯಿಂದ ಬೆಳೆ ಹೆಚ್ಚಿಸಿ ಜಗತ್ತಿಗೆ ಅನ್ನದಾತ ಅನ್ನಿಸಿಕೊಂಡಿದ್ದಾನೆ. ನೋಡಲು ಡಾಕ್ಟರನ ಪಡಿಯಚ್ಚು. 'ಅವನು ದುಷ್ಟ, ಅವನ ವೇಷ ಹಾಕಿ ನಮಗೆ ಸಹಾಯ ಮಾಡು' ಎಂದು ಗೈಲ್ಸ್ ಕೆಂಟ್ ಎಂಬಾತ ಗಂಟುಬೀಳುತ್ತಾನೆ. ಡಾಕ್ಟರ್ ಒಪ್ಪುವುದಿಲ್ಲ. ನೀನು ಹೇಳಿದ ಮಾತ್ರಕ್ಕೆ ನಂಬಲಾರೆ, ಪುರಾವೆ ಬೇಕು ಅನ್ನುತ್ತಾನೆ. ಕಂತುಗಟ್ಟಲೆ ಹಾಗೇ ಹಟ ಹಿಡಿಯುತ್ತಾನೆ. ಆ ಹಟ ಎಷ್ಟು ಸರಿ ಎಂಬುದು ಕೊನೆಗೆ ತಿಳಿಯುತ್ತದೆ, ಇಲ್ಲಿ ಹೇಳಿ ಕೆಡಿಸುವುದಿಲ್ಲ.

ನಾಲ್ಕನೆಯ ಕಂತಿನಲ್ಲಿ ಕಥೆ ನೆಲದಡಿಗೆ ಇಳಿಯುತ್ತದೆ. ಅಲ್ಲೊಂದು ಗುಂಪು ವರ್ಷಗಳಿಂದ ಬದುಕುತ್ತಿದೆ. ಮೇಲೆ ಅಣುಯುದ್ಧ ನಡೆಯುತ್ತಿದೆ ಎಂದು ಅವರನ್ನು ನಂಬಿಸಲಾಗಿದೆ. ಶತ್ರುಗಳ ವಿರುದ್ಧ ಹೋರಾಡುತ್ತಿದ್ದೇವೆಂದು ತಿಳಿದು ಅವರು ಭೂಕಂಪ, ಜ್ವಾಲಾಮುಖಿ ಎಬ್ಬಿಸುತ್ತಿದ್ದಾರೆ. ಆ ಸುಳ್ಳು ಬಯಲಾಗುವುದು ಸ್ವಾನ್ ಎಂಬ ಹಿರಿಯನ ಕೈಗೆ ಸಿಗುವ ಪತ್ರಿಕೆಯ ಒಂದು ತುಂಡಿನಿಂದ. ಯುದ್ಧದಲ್ಲಿ ನಾಶವಾದ ಜಗತ್ತಿನಲ್ಲಿ ಪತ್ರಿಕೆ ಅಚ್ಚಾಗುವುದು ಹೇಗೆ? ಈ ಪ್ರಶ್ನೆ ಅವನ ಮುಖದಲ್ಲಿ ಮೂಡುವಾಗ ನನಗೆ ಮೈ ಜುಮ್ಮೆಂದಿತು.

ಡಾಕ್ಟರ್ ಮತ್ತು ಸಾಲಮ್ಯಾಂಡರ್ ಎರಡೂ ಪ್ಯಾಟ್ರಿಕ್ ಟ್ರೌಟನ್ ಅವರೇ. ಸಾಲಮ್ಯಾಂಡರನಂತೆ ನಟಿಸುವ ಡಾಕ್ಟರ್ ಮೂರನೆಯ ಪಾತ್ರದಂತೆ ಕಾಣುತ್ತಾನೆ, ಅವನ ಉಚ್ಚಾರದಲ್ಲಿ ತುಸು ಅಳುಕಿರುತ್ತದೆ. ಅದು ಕಿವಿಗೆ ಬಿದ್ದಷ್ಟೇ ಕಣ್ಣಿಗೂ ಬೀಳಬೇಕು. ಬರೀ ಧ್ವನಿ ಕೇಳಿದವರಿಗೆ ಈ ನಟನೆ ಅರ್ಧವೇ ದಕ್ಕಿತ್ತು.

1963ರಲ್ಲಿ ಬಂದ 'ಡಾಕ್ಟರ್ ಹೂ' ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು, ಆಗಿನ್ನೂ 24ರ ಹರೆಯ. ಅವರ 'ಮಾರ್ಕೋ ಪೋಲೊ' ಕಥೆ ಅಳಿಸಿಹೋದವುಗಳ ಸಾಲಿನಲ್ಲಿದೆ. ಅದೂ ಎಲ್ಲಾದರೂ ಡಬ್ಬದಲ್ಲಿ ಕೂತಿರಲಿ ಎಂದು ಮನಸಾರೆ ಬಯಸುತ್ತೇನೆ.

'ದಿ ಎನಿಮಿ ಆಫ್ ದಿ ವರ್ಲ್ಡ್'ನಲ್ಲಿ ಕೊರತೆ ಇಲ್ಲವೆಂದಲ್ಲ. ಒಂದೇ ಮುಖದ ಇಬ್ಬರು ಎದುರುಬದುರಾಗುವುದು ಕೊನೆಯ ಕೆಲವೇ ನಿಮಿಷಗಳಲ್ಲಿ, ಮುಗಿಯುವುದೂ ಅಷ್ಟೇ ಅವಸರದಲ್ಲಿ. ಆರು ಕಂತು ಕಾದವರಿಗೆ ಇನ್ನೊಂದಿಷ್ಟು ಹೊತ್ತು ಅವರಿಬ್ಬರ ಮಾತು ಕೇಳಿಸಬೇಕಿತ್ತು.