ರೈನ್ ನದಿಯ ಹಡಗು: ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು

ಬೇಸಿಗೆಯಲ್ಲಿ ಅಪ್ಪ-ಅಮ್ಮನನ್ನು ಜರ್ಮನಿಗೆ ಕರೆಸಿಕೊಂಡವರು ರೈನ್ ನದಿಯ ಹಡಗು ತೋರಿಸದೆ ಕಳಿಸುವುದಿಲ್ಲ. ಹಲವರು ಕೋಬ್ಲೆಂಜ್‌ನಿಂದ ರೂಡೆಸ್‌ಹೈಮ್‌ವರೆಗೆ ಪೂರ್ತಿ ಟಿಕೆಟ್ ತೆಗೆದುಬಿಡುತ್ತಾರೆ. ಹರಿವಿಗೆ ಎದುರಾಗಿ ಅದು ಆರು ಗಂಟೆಯ ದಾರಿ, ವಯಸ್ಸಾದವರಿಗೆ ಅರ್ಧದಲ್ಲೇ ಸಾಕಾಗುತ್ತದೆ. ಸಾಂಕ್ಟ್ ಗೊವಾರ್‌ನಲ್ಲಿ ಹತ್ತಿ ಬಾಖರಾಖ್‌ನಲ್ಲಿ ಇಳಿಯಿರಿ. ಒಂದು ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆ, ಕಣಿವೆಯ ಸೊಗಸೆಲ್ಲ ಅಲ್ಲೇ ಇದೆ. ತಿರುಗಿ ಬರುವ ದಿಕ್ಕಿನಲ್ಲಿ ಹಡಗು ಮುಕ್ಕಾಲು ಗಂಟೆಯಲ್ಲೇ ಓಡಿಬಿಡುತ್ತದೆ, ನೋಡಲು ಪುರಸೊತ್ತಿಲ್ಲ.

ಎದುರು ದಡದ ಊರು ಸಾಂಕ್ಟ್ ಗೊವಾರ್ಸ್‌ಹೌಸನ್. ಹೆಸರು ಒಂದೇ ಥರ ಇದೆಯೆಂದು ನಡೆದೇ ದಾಟಬಹುದು ಅಂದುಕೊಳ್ಳಬೇಡಿ: ಕೋಬ್ಲೆಂಜ್‌ನಿಂದ ಮೈಂಜ್ ತನಕ ಸೇತುವೆಯೇ ಇಲ್ಲ, ದೋಣಿಯಲ್ಲೇ ದಾಟಬೇಕು.

ಮೇಲಿನ ಡೆಕ್‌ನಲ್ಲಿ ಎಡಗಡೆ ಕೂರಿಸಿ. ಹೊರಟ ಸ್ವಲ್ಪ ಹೊತ್ತಿಗೇ 132 ಮೀಟರ್ ಎತ್ತರದ ಲೋರೆಲೈ ಬಂಡೆ ಬರುತ್ತದೆ. ಅಲ್ಲಿ ನದಿ ಕಿರಿದಾಗಿ ತಿರುಗುವುದರಿಂದ ಎದುರಿನ ಹಡಗು ಕಾಣುವುದಿಲ್ಲ. ಮೇಲಿನಿಂದ ಹಡಗು ಇಳಿದು ಬರುತ್ತಿದೆಯೇ ಎಂದು ದಡದ ದೀಪಗಳೇ ಹೇಳುತ್ತವೆ. ಮುಂದೆ ಕೌಬ್‌ನಲ್ಲಿ ನದಿಯ ನಟ್ಟನಡುವೆ ಫಾಲ್ಸ್‌ಗ್ರಾಫೆನ್‌ಸ್ಟೈನ್, 14ನೇ ಶತಮಾನದ ಸುಂಕದ ಕೋಟೆ. ಇಕ್ಕೆಲದ ಇಳಿಜಾರಿನಲ್ಲಿ ದ್ರಾಕ್ಷಿ, ಹೆಚ್ಚಾಗಿ ರೀಸ್ಲಿಂಗ್. ಅಲ್ಲಿನ ಸ್ಲೇಟು ಕಲ್ಲು ಹಗಲು ಹೀರಿದ ಬಿಸಿಲನ್ನು ರಾತ್ರಿ ಬಿಡುತ್ತದೆ. ತಡವಾಗಿ ಹಣ್ಣಾಗುವ ಈ ತಳಿಗೆ ಆ ಶಾಖ ಬೇಕೇ ಬೇಕು. ಕಡಿದಾದ ತೋಟಗಳಲ್ಲಿ ಕೊಯ್ಲು ಇಂದಿಗೂ ಕೈಯಲ್ಲೇ.

ಹೊರಡುವ ಮುನ್ನ ಕೌಬ್‌ನ ನೀರಿನ ಮಟ್ಟದ ಮಾಪಕ ನೋಡಿ, ನೀರು ತೀರಾ ಇಳಿದರೂ ಏರಿದರೂ ಹಡಗಿಗೆ ತೊಂದರೆ. ಅದು ತೋರಿಸುವುದು ನದಿಯ ಆಳವಲ್ಲ: 78 ಸೆಂ.ಮೀ. ಇದ್ದಾಗಲೂ ಹಡಗಿನ ದಾರಿಯಲ್ಲಿ 1.90 ಮೀಟರ್ ನೀರಿರುತ್ತದೆ. 2018ರ ಅಕ್ಟೋಬರ್‌ನಲ್ಲಿ ಮಾಪಕ 25 ಸೆಂ.ಮೀ.ಗೆ ಇಳಿದಿತ್ತು. ಪ್ರವಾಹ ಬಂದು 6.40 ಮೀಟರ್ ಮುಟ್ಟಿದರೆ ಸಂಚಾರವೇ ಬಂದ್.

ಬಾಖರಾಖ್‌ನಿಂದ ಸಾಂಕ್ಟ್ ಗೊವಾರ್‌ಗೆ ಪ್ರಾದೇಶಿಕ ರೈಲಿನಲ್ಲಿ ಹತ್ತು ನಿಮಿಷ. ಐದು ಜನರ ತನಕ ರೈನ್‌ಲಾಂಡ್-ಫಾಲ್ಸ್ ರಾಜ್ಯದ ಒಂದೇ ದಿನದ ಟಿಕೆಟ್ ಸಾಕು, ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ನಡೆಯುತ್ತದೆ. ಫ್ರಾಂಕ್‌ಫರ್ಟ್‌ನಿಂದ ಮೈಂಜ್ ತನಕ ಬೇರೆ ಟಿಕೆಟ್ ಬೇಕು. ಈ ಟಿಕೆಟ್ ಹಿಡಿದು ಐಸಿ, ಐಸಿಇ ಎಂಬ ದೂರದ ವೇಗದ ರೈಲು ಹತ್ತಬೇಡಿ, ದಂಡ ಬೀಳುತ್ತದೆ.

ವೈನ್ ಮುಟ್ಟದವರಿಗೆ ಟ್ರೌಬೆನ್‌ಸಾಫ್ಟ್ ಕೇಳಿ, ಬರೀ ದ್ರಾಕ್ಷಿ ರಸ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಿಗುವ ಫೆಡರ್‌ವೈಸರ್ ಎಂಬ ಹೊಸ ವೈನ್ ಸಿಹಿಯಾಗಿ ಕುಡಿಸಿಕೊಂಡು ಹೋಗುತ್ತದೆ, ಆದರೆ ಅದರಲ್ಲಿ ಆಲ್ಕೋಹಾಲ್ ಇದೆ. ಇನ್ನೂ ಹುದುಗುತ್ತಿರುವುದರಿಂದ ಗ್ಯಾಸ್ ಹೊರಹೋಗಲಿ ಎಂದು ಮುಚ್ಚಳವನ್ನು ಸಡಿಲವಾಗಿಯೇ ಬಿಟ್ಟಿರುತ್ತಾರೆ. ಬಾಟಲಿಯನ್ನು ಬ್ಯಾಗಿನಲ್ಲಿ ಮಲಗಿಸಿದರೆ ಬಟ್ಟೆಯೆಲ್ಲ ಅಂಟಂಟು. ನೆಟ್ಟಗೆ ಕೈಯಲ್ಲೇ ಹಿಡಿದು ತನ್ನಿ.